ಡೈರಿಯ ಸಾಲಿಗೆ ಹಾರಿ ಬಂದ ವೀರ

ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಹಾಸನದಲ್ಲಿ. ಹುಟ್ಟಿದ ಊರು ಶಾಂತಿಗ್ರಾಮದ ಕಡೆ, ಹೆದ್ದಾರಿಯಿಂದ ಎರಡು ಮೈಲಿ ಒಳಗೆ. ಈ ಮೂರು ಜಾಗಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡಿದ್ದ ನನಗೆ ಎರಡು ವರ್ಷದ ಹಿಂದೆ ಇನ್ನೊಂದು ಕೆಲಸ ಗಂಟುಬಿತ್ತು. ಹಾಸನದ ಒಂದು ಸಣ್ಣ ಕೇಬಲ್ ಚಾನೆಲ್‌ನವರು ಮಕ್ಕಳಿಗೆಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯ ಧಾರಾವಾಹಿಯೊಂದನ್ನು ಶುರು ಮಾಡಿದರು. ಅದರಲ್ಲಿ ಒಬ್ಬ ವೀರ. ನೀಲಿ ಮುಸುಕು, ಹೆಗಲ ಮೇಲೆ ನೀಲಿ ಹೊದಿಕೆ. ಯಾರಿಗೆ ಕಷ್ಟ ಬಂದರೂ ಅಲ್ಲಿಗೆ ಹಾರಿ ಬರುತ್ತಾನೆ. ಅವನ ಕಥೆ, ಅವನ ಮಾತು ಎರಡನ್ನೂ ಬರೆಯುತ್ತಿದ್ದವನು ನಾನು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಇದನ್ನು ಈಗಾಗಲೇ ಇಬ್ಬರಿಗೆ ಬಾಯಲ್ಲಿ ಹೇಳಿದ್ದೇನೆ. ಎರಡು ಸಲವೂ ನನಗೆ ಅನುಕೂಲವಾಗುವ ಹಾಗೆ ಹೇಳಿದೆ.

ವೀರನ ವೇಷ ಹಾಕುತ್ತಿದ್ದವರು ಚನ್ನರಾಯಪಟ್ಟಣದ ಒಬ್ಬ ವ್ಯಾಯಾಮ ಶಿಕ್ಷಕರು. ಆರಡಿ ಆಳು, ಒಳ್ಳೆಯ ಮನುಷ್ಯ. ಹೊದಿಕೆಯನ್ನು ಕಲ್ಯಾಣ ಮಂಟಪದ ಹಳೆಯ ಪರದೆಯಲ್ಲಿ ಹೊಲಿಸಿದ್ದರು. ಟ್ರ್ಯಾಕ್ಟರ್ ಟ್ರೈಲರ್ ಮೇಲಿನಿಂದ ಅವರು ಹಾರುತ್ತಿದ್ದರು, ಕೆಳಗೆ ಹಾಸಿಗೆ ಹಾಕಿರುತ್ತಿದ್ದರು. ಟ್ರೈಲರ್ ಮತ್ತು ಹಾಸಿಗೆ ಎರಡನ್ನೂ ಕಂಪ್ಯೂಟರಿನಲ್ಲಿ ಅಳಿಸಿದರೆ ಆಕಾಶದಿಂದ ಇಳಿದಂತೆ ಕಾಣುತ್ತಿತ್ತು. ಮೊದಲ ಹನ್ನೆರಡು ಕಂತುಗಳಲ್ಲಿ ಅವರು ಹಾವು ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ದರು, ಪಂಪ್‌ಸೆಟ್ ಕಳ್ಳರನ್ನು ಹಿಡಿದರು, ಬ್ರೇಕ್ ಹೋದ ಟಿಪ್ಪರ್ ನಿಲ್ಲಿಸಿದರು, ಬಸ್ಸಿನ ಬಾಗಿಲಿನಿಂದ ಜಾರಿದ ಮುದುಕಿಯನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದುಕೊಂಡರು. ಮಕ್ಕಳಿಗೆ ಹಿಡಿಸಿತು. ಅರಕಲಗೂಡಿನ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಮೇಷ್ಟ್ರೇ, ನಿಮ್ಮ ವೀರನಿಗೆ ಒಂದ್ಸಲ ನೆಲದ ಮೇಲೆ ನಡ್ಕೊಂಡ್ ಬರಕ್ಕೆ ಹೇಳಿ. ನಮ್ ಹುಡುಗ್ರು ಟವಲ್ ಕಟ್ಕೊಂಡು ಕಾಂಪೌಂಡ್‌ನಿಂದ ಹಾರ್ತಾವ್ರೆ" ಎಂದರು.

ಹದಿಮೂರನೆಯ ಕಂತಿನ ಕಥೆ ಕೊಟ್ಟ ದಿನ ಚಾನೆಲ್ ಮಾಲೀಕರಿಗೂ ನನಗೂ ಮಾತಿಗೆ ಮಾತು ಬಂತು. ಹಾಸನದಲ್ಲಿ ಮೊಬೈಲ್ ಅಂಗಡಿಯೊಂದರ ಮೇಲಿನ ಎರಡು ಕೋಣೆ ಅವರ ಕಚೇರಿ. ವ್ಯಾಯಾಮ ಶಿಕ್ಷಕರೂ ಅಲ್ಲಿದ್ದರು.

"ಸಾರ್, ಇದ್ರಲ್ಲಿ ಪಾಲಿಟಿಕ್ಸ್ ವಾಸನೆ ಬರ್ತಾ ಇದೆ" ಎಂದರು ಮಾಲೀಕರು.

"ಎಲ್ಲಿ?"

"ಎಲ್ಲಿ ಅಂದ್ರೆ? ಡೈರಿ ಸಾಲು, ಕಾಲೋನಿ, ಕೊನೇಲಿ ನಿಲ್ಲೋದು. ಇದು ಮಕ್ಳ ಪ್ರೋಗ್ರಾಂ. ಪಕ್ಕದಲ್ಲಿ ಅಪ್ಪ ದೋಸೆ ತಿಂತಾ ಕೂತಿರ್ತಾನೆ. ಅವನ ಗಂಟಲಲ್ಲಿ ದೋಸೆ ಸಿಕ್ಕಾಕ್ಕೊಂಡ್ರೆ ಬೈಗುಳ ತಿನ್ನೋನು ನಾನು."

ನಾನು ಪಾಠದ ದನಿಯಲ್ಲಿ ಉತ್ತರ ಕೊಟ್ಟೆ. ಆ ದನಿ ನನಗೆ ಸುಲಭವಾಗಿ ಬರುತ್ತದೆ. ಬಲ ಇರುವವನು ಯಾರ ಪಕ್ಕ ನಿಲ್ಲುತ್ತಾನೆ ಎಂಬುದೇ ರಾಜಕೀಯ, ಅದನ್ನು ಬಿಟ್ಟು ಅವನಿಗೆ ಕಥೆಯೇ ಇಲ್ಲ ಎಂದೆ. ಬಸ್ಸಿನಿಂದ ಬೀಳುವ ಮುದುಕಿಯನ್ನು ಹಿಡಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆದರೆ ಆ ಮುದುಕಿ ಬಾಗಿಲಲ್ಲಿ ಯಾಕೆ ನೇತಾಡುತ್ತಿದ್ದಳು, ಆ ಊರಿಗೆ ಇನ್ನೊಂದು ಬಸ್ಸು ಯಾಕಿಲ್ಲ ಎಂದು ಅವನು ಕೇಳಬೇಡವೇ ಎಂದೆ.

"ಹಿಡೀಲಿ ಸಾರ್. ಕೇಳೋದು ಬೇಡ" ಎಂದರು ಅವರು.

ವ್ಯಾಯಾಮ ಶಿಕ್ಷಕರು ನಕ್ಕರು. "ನಾನು ಹಾರೋನು ಅಷ್ಟೇ ಕಣಪ್ಪ. ಪಾಲಿಟಿಕ್ಸ್ ಮೇಲೆ ಹಾರ್ಬೇಕೋ ಪಕ್ಕಕ್ಕೆ ಹಾರ್ಬೇಕೋ ನೀವಿಬ್ರು ಮಾತಾಡ್ಕೊಳಿ. ಹಾಸಿಗೆ ಮಾತ್ರ ದಪ್ಪದ್ದು ಹಾಕ್ಸಿ."

ಒಂದು ಗಂಟೆ ವಾದ ಮಾಡಿ ನಾನು ಗೆದ್ದೆ. ಗೆದ್ದೆ ಎಂಬ ಮಾತನ್ನೇ ಅವತ್ತು ಮನೆಯಲ್ಲಿ ಹೆಂಡತಿಗೆ ಹೇಳಿದ್ದು ನೆನಪಿದೆ.

ಆ ಕಥೆ ನಮ್ಮೂರಿನದು. ನಮ್ಮೂರ ಹಾಲಿನ ಡೈರಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಊರ ಹೊರಗಿನ ಕಾಲೋನಿಯ ಐದು ಮನೆಯವರೂ ಹಾಲು ಹಾಕುತ್ತಾರೆ. ಅವರು ಎಲ್ಲರಿಗಿಂತ ಮೊದಲು, ಆರಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಬರುತ್ತಾರೆ, ಯಾಕೆಂದರೆ ಆಮೇಲೆ ಕೂಲಿಗೆ ಹೋಗಬೇಕು. ಬಂದವರು ಕಿಟಕಿಯ ಮುಂದೆ ನಿಲ್ಲುವುದಿಲ್ಲ. ಪಶು ಆಹಾರದ ಮೂಟೆ ಇಡುವ ಕೋಣೆಯ ಗೋಡೆಗೆ ಒರಗಿ ನಿಲ್ಲುತ್ತಾರೆ. ಊರೊಳಗಿನ ಎಲ್ಲರ ಹಾಲು ಮುಗಿದ ಮೇಲೆ, ಸುಮಾರು ಏಳು ಗಂಟೆಗೆ, ಕಾರ್ಯದರ್ಶಿ ಕಿಟಕಿಯಿಂದ ಆ ಕಡೆಗೆ ನೋಡುತ್ತಾನೆ. ಕರೆಯುವುದಿಲ್ಲ, ನೋಡುತ್ತಾನೆ. ಆಗ ಅವರು ಬರುತ್ತಾರೆ. ಹಾಗೆ ನಿಲ್ಲಬೇಕೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನನ್ನ ಅಣ್ಣನನ್ನು ಹಿಂದೊಮ್ಮೆ ಕೇಳಿದಾಗ, "ಅವ್ರು ನಿಧಾನುಕ್ ಬತ್ತಾರೆ ಕಣ್ಲಾ" ಅಂದಿದ್ದ. ಅಣ್ಣ ಆ ಡೈರಿ ನಡೆಸುವ ಹಾಲು ಉತ್ಪಾದಕರ ಸಂಘದ ಅಧ್ಯಕ್ಷ. ಹೊಲ, ತೋಟ, ಮನೆ ಎಲ್ಲ ಅವನೇ ನೋಡಿಕೊಳ್ಳುವುದು. ಎಲ್ಲರ ಹಾಲೂ ಕೊನೆಗೆ ಒಂದೇ ತೊಟ್ಟಿಗೆ ಸೇರಿ ಒಂದೇ ಟ್ಯಾಂಕರಿನಲ್ಲಿ ಹೋಗುತ್ತದೆ.

ಡೈರಿಯಲ್ಲೇ ಚಿತ್ರೀಕರಣ ಮಾಡಬೇಕೆಂದು ಅಣ್ಣನನ್ನು ಕೇಳಿದೆ. ಕಥೆ ಹೇಳಲಿಲ್ಲ. "ಡೈರೀದು ಒಂದು ಸೀನು" ಎಂದೆ, ಅಷ್ಟೇ. ಅವನಿಗೆ ಖುಷಿಯಾಯಿತು. ನಮ್ಮ ಸಂಘ ಟೀವಿಯಲ್ಲಿ ಬರುತ್ತದೆಂದು ಮುಂದಿನ ಗೋಡೆಗೆ ಸುಣ್ಣ ಹೊಡೆಸಿದ. ಚಿತ್ರೀಕರಣದ ದಿನ ಅವನಿಗೆ ಚನ್ನರಾಯಪಟ್ಟಣದಲ್ಲಿ ಒಂದು ಮದುವೆಗೆ ಹೋಗುವುದಿತ್ತು. ಅದು ಗೊತ್ತಿದ್ದೇ ನಾನು ಆ ದಿನವನ್ನು ಗೊತ್ತುಮಾಡಿದ್ದು.

ನಮ್ಮ ಧಾರಾವಾಹಿಯಲ್ಲಿ ಮಾತನ್ನು ಸ್ಥಳದಲ್ಲಿ ಮುದ್ರಿಸಿಕೊಳ್ಳುತ್ತಿರಲಿಲ್ಲ. ಗಾಳಿ, ನಾಯಿ, ಬೈಕು ಎಲ್ಲದರ ಸದ್ದು ಸೇರುತ್ತದೆಂದು ಬರೀ ಚಿತ್ರ ತೆಗೆದುಕೊಂಡು ಬಂದು, ಹಾಸನದ ಕೋಣೆಯಲ್ಲಿ ಮಾತು ಕೂಡಿಸುತ್ತಿದ್ದೆವು. ಹಾಗಾಗಿ ಡೈರಿಯ ಮುಂದೆ ವೀರ ಬಾಯಾಡಿಸಿದ್ದು "ಒಂದು, ಎರಡು, ಮೂರು, ನಾಲ್ಕು" ಎಂದು. ಸುತ್ತ ನಿಂತಿದ್ದ ಊರವರು ನಕ್ಕರು. ಅವರಲ್ಲಿ ಯಾರಿಗೂ, ಕ್ಯಾಮರಾದ ಮುಂದೆ ಹಾಲು ಅಳೆದು ತೋರಿಸಿದ ಕಾರ್ಯದರ್ಶಿಗೂ, ತಾವು ಯಾವ ಕಥೆಯಲ್ಲಿ ನಿಂತಿದ್ದೇವೆಂದು ಗೊತ್ತಿರಲಿಲ್ಲ.

ಕಾಲೋನಿಯ ಹೆಂಗಸಿನ ಪಾತ್ರಕ್ಕೆ ಹಾಸನದಿಂದ ಒಬ್ಬರನ್ನು ಕರೆತರಬಹುದಿತ್ತು. ನನಗೆ ನಿಜವಾದ ಮುಖವೇ ಬೇಕಿತ್ತು. ಅಲ್ಲಿ ದಿನವೂ ನಿಲ್ಲುತ್ತಿದ್ದ ಒಬ್ಬಾಕೆಯನ್ನು ಕೇಳಿದೆ. ನಲವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡಿದ್ದ. ಒಂದು ಸೀಮೆ ಹಸು ಇತ್ತು. ಮಗಳು ಹಾಸನದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು, ಆ ಓದು ನಡೆಯುತ್ತಿದ್ದುದು ಆ ಹಸುವಿನ ಹಾಲಿನಿಂದ. ಇದೂ ನನಗೆ ಗೊತ್ತಿತ್ತು.

"ನಾನೇನ್ ಮಾಡ್ಬೇಕು ಸಾ?" ಎಂದಳು.

"ಏನಿಲ್ಲ. ದಿನಾ ನಿಂತಂಗೇ ನಿಂತ್ಕೊಳ್ಳಿ. ಆಮೇಲೆ ಅವರು ಬಂದು ನಿಮ್ಮ ಕ್ಯಾನು ತಗೊಂಡು ಮುಂದೆ ಹಾಕ್ತಾರೆ."

"ಮುಂದ್ಕಾ?"

"ಹೂಂ."

"ಯಜಮಾನ್ರಿಗೆ ಗೊತ್ತಾ ಸಾ ಇದು?" ಅಣ್ಣನನ್ನು ಊರಿನಲ್ಲಿ ಹಾಗೆ ಕರೆಯುತ್ತಾರೆ.

"ಗೊತ್ತು" ಎಂದೆ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಮೊದ್ಲೇ ಏಳಿದ್ರೆ ಬ್ಯಾರೆ ಸೀರೆ ಉಟ್ಕಂಡ್ ಬತ್ತಿದ್ದೆ" ಎಂದಳು.

ಮುಂದಿನ ವಾರ ಹಾಸನದಲ್ಲಿ ಮಾತು ಕೂಡಿಸಿದೆವು. ಗೋಡೆಗೆ ಒರಗಿ ನಿಂತ ಹೆಂಗಸನ್ನು ತೋರಿಸಿ ವೀರ ಕೇಳುತ್ತಾನೆ: "ಇವರು ಎಲ್ಲರಿಗಿಂತ ಮೊದಲು ಬಂದವರು. ಎಲ್ಲರಿಗಿಂತ ಕೊನೆಗೆ ಯಾಕೆ?" ಅವನು ಕ್ಯಾನು ಎತ್ತಿ ಮೊದಲು ಹಾಕುತ್ತಾನೆ. "ತೊಟ್ಟಿಗೆ ಬಿದ್ದ ಹಾಲಿಗೆ ಮನೆ ಯಾವುದು?" ಎನ್ನುತ್ತಾನೆ. ಕಾರ್ಯದರ್ಶಿ ತಲೆ ತಗ್ಗಿಸುತ್ತಾನೆ. ನಿಜಕ್ಕೂ ಅವನು ಆಗ ತಲೆ ತಗ್ಗಿಸಿದ್ದು ತಕ್ಕಡಿಯ ಅಂಕಿ ನೋಡಲು. ವೀರ ಹಾರಿ ಹೋಗುತ್ತಾನೆ. ಇಪ್ಪತ್ತನಾಲ್ಕು ನಿಮಿಷದ ಕಂತು.

ಭಾನುವಾರ ಪ್ರಸಾರವಾಯಿತು. ಹೊಳೆನರಸೀಪುರದ ನನ್ನ ಸಹೋದ್ಯೋಗಿಗಳು ಫೋನ್ ಮಾಡಿ ಹೊಗಳಿದರು. ಅಣ್ಣ ಫೋನ್ ಮಾಡಲಿಲ್ಲ.

ಊರಿನಲ್ಲಿ ಎರಡು ದಿನ ಏನೂ ಆಗಲಿಲ್ಲವಂತೆ. ಕೆಲವರು ಕಾರ್ಯದರ್ಶಿಯನ್ನು ರೇಗಿಸಿದರಂತೆ, "ಏನ್ಲಾ, ಟೀವೀಲಿ ಪೆಚ್ ಮೋರೆ ಆಕ್ಕಂಡ್ ನಿಂತಿದ್ದೆ" ಎಂದು. ಮೂರನೆಯ ದಿನ ಬೆಳಿಗ್ಗೆ ಅಣ್ಣನ ಮೊಮ್ಮಗಳು, ಏಳು ವರ್ಷದ ಹುಡುಗಿ, ಆಳಿನ ಜೊತೆ ಡೈರಿಗೆ ಹೋದಳು. ಬೆನ್ನಿಗೆ ಅಜ್ಜಿಯ ಹಳೇ ಸೀರೆಯ ತುಂಡು ಕಟ್ಟಿಕೊಂಡಿದ್ದಳು. ಸೀದಾ ಗೋಡೆಯ ಹತ್ತಿರ ಹೋಗಿ ಆ ಹೆಂಗಸಿನ ಕೈ ಹಿಡಿದು ಎಳೆದುಕೊಂಡು ಬಂದು ಕಿಟಕಿಯ ಮುಂದೆ ನಿಲ್ಲಿಸಿದಳು. "ಇವ್ರುದು ಫಸ್ಟು" ಎಂದಳು. ಹೆಂಗಸು ಕೈ ಬಿಡಿಸಿಕೊಳ್ಳಲು ನೋಡಿದಳಂತೆ. ಮಗು ಬಿಡಲಿಲ್ಲ. ಯಜಮಾನರ ಮನೆಯ ಮಗು, ಬೈಯುವವರಾರು? ಕಾರ್ಯದರ್ಶಿ ಅವತ್ತು ಆಕೆಯ ಹಾಲನ್ನು ಮೊದಲು ಅಳೆದ.

ಕಂತು ನೋಡಿ ನಕ್ಕು ಸುಮ್ಮನಾಗಿದ್ದವರು ಈಗ ಸುಮ್ಮನಿರಲಿಲ್ಲ. ಟೀವಿಯಲ್ಲಿ ಹಾರುವವನು ಹೇಳಿದರೆ ಅದು ಟೀವಿ. ಸ್ವಂತ ಮನೆಯ ಮಗು ಕೈ ಹಿಡಿದರೆ ಅದು ಬೇರೆ. ಮಗುವಿಗೆ ಹೇಳಿಕೊಟ್ಟವಳು ಆ ಹೆಂಗಸೇ ಎಂದು ಮಧ್ಯಾಹ್ನದೊಳಗೆ ತೀರ್ಮಾನವಾಗಿತ್ತು.

ಮಾರನೆಯ ದಿನದಿಂದ ಆಕೆಯ ಹಾಲಿಗೆ ಡಿಗ್ರಿ ಬರಲಿಲ್ಲ. ಹಾಲಿನೊಳಗೆ ಗಾಜಿನ ಕಡ್ಡಿಯೊಂದನ್ನು ಬಿಟ್ಟರೆ ಅದು ಎಷ್ಟು ಮುಳುಗುತ್ತದೆ ಎಂಬುದರ ಮೇಲೆ ಹಾಲು ಗಟ್ಟಿಯೋ ತೆಳುವೋ ತಿಳಿಯುತ್ತದೆ. ಆ ಅಂಕಿಗೆ ನಮ್ಮ ಕಡೆ ಡಿಗ್ರಿ ಎನ್ನುತ್ತಾರೆ. ಇಪ್ಪತ್ತೆಂಟು ಬಂದರೆ ಹಾಲು ತೆಗೆದುಕೊಳ್ಳುತ್ತಾರೆ. ಕಡಿಮೆ ಬಂದರೆ ನೀರು ಬೆರೆತಿದೆ ಎಂದು ವಾಪಸು. ನಾಲ್ಕು ದಿನ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಆಕೆಯ ಹಾಲು ವಾಪಸಾಯಿತು.

ಐದನೆಯ ದಿನ ಭಾನುವಾರ. ನಾನು ಹಿಂದಿನ ಸಂಜೆಯೇ ಊರಿಗೆ ಬಂದಿದ್ದೆ. ಬೆಳಿಗ್ಗೆ ಡೈರಿಗೆ ಹೋದೆ. ಕಿಟಕಿಯಿಂದ ನಾಲ್ಕು ಅಡಿ ದೂರದಲ್ಲಿ, ಎಡಗಡೆ ನಿಂತಿದ್ದೆ. ಬೆಳಕು ಚೆನ್ನಾಗಿತ್ತು. ಕನ್ನಡಕ ಹಾಕಿದ್ದೆ. ಏಳು ಗಂಟೆ ಐದು ನಿಮಿಷಕ್ಕೆ ಕಾರ್ಯದರ್ಶಿ ಗೋಡೆಯ ಕಡೆ ನೋಡಿದ. ಆಕೆ ಬಂದು ಉದ್ದನೆಯ ಗಾಜಿನ ಲೋಟಕ್ಕೆ ಹಾಲು ಹುಯ್ದಳು. ಕಡ್ಡಿ ಪಕ್ಕದ ನೀರಿನ ಬಕೆಟ್ಟಿನಲ್ಲಿತ್ತು. ಕಾರ್ಯದರ್ಶಿ ಅದನ್ನು ತೆಗೆಯಲಿಲ್ಲ. ಲೋಟವನ್ನು ಮೂಗಿನ ಮಟ್ಟಕ್ಕೆ ಎತ್ತಿ, ಇಳಿಸಿ, "ಇಪ್ಪತ್ನಾಕು" ಎಂದ.

"ಕಡ್ಡಿ ಬುಡ್ನಿಲ್ಲ ಕಣಪ್ಪ ನೀನು" ಎಂದಳು ಆಕೆ.

"ಬುಟ್ಟೆ. ನೀನ್ ಎಲ್ಲಿ ನೋಡ್ತಿದ್ದೆ? ಟೀವಿ ನೋಡ್ತಿದ್ದಾ?"

ಹಿಂದೆ ಇದ್ದ ಇಬ್ಬರು ನಕ್ಕರು. ಆಕೆ ನನ್ನ ಕಡೆ ತಿರುಗಿದಳು. ನಾನು ನೋಡಿದ್ದೇನೆಂದು ಆಕೆಗೆ ಗೊತ್ತಿತ್ತು, ಆಕೆಗೆ ಗೊತ್ತಿದೆಯೆಂದು ನನಗೂ ಗೊತ್ತಾಯಿತು. ನಾನು ಕೈಗಡಿಯಾರ ನೋಡಿಕೊಂಡು ಮನೆಗೆ ಹೊರಟೆ.

ಅವತ್ತು ಸಂಜೆ ನಾಲ್ಕಕ್ಕೆ ಡೈರಿಯ ಜಗಲಿಯಲ್ಲಿ ಸಭೆ ಕರೆದಿದ್ದರು. ಊಟದ ಮೇಲೆ ಅಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮೊದಲ ಸಲ ಅದರ ಮಾತೆತ್ತಿದ.

"ಸುಣ್ಣ ಒಡ್ಸಿದ್ದೆ ಕಣ್ಲಾ ಗೋಡೆಗೆ" ಎಂದ. "ನಮ್ ಸಂಗ ಟೀವೀಲಿ ಬತ್ತದೆ ಅಂತ."

ಅಡಿಕೆ ಬಾಯಿಗೆ ಹಾಕಿಕೊಂಡು ಮುಂದುವರಿಸಿದ.

"ನಿಂಗೇನು. ಪಿಚ್ಚರ್ ತಗುದು ಆಸನದ ಬಸ್ ಅತ್ಕಂಡ್ ಓಯ್ತೀಯ. ದಿನಾ ಬೆಳಗಾದ್ರೆ ಆ ಜನದ್ ಮೊಕ ನೋಡೋನು ನಾನು. ಈಗ ನೋಡು, ನಮ್ಮನೆ ಮಗೀನೇ ಮುಂದಿಟ್ಕಂಡ್ ಆಡ್ಸವ್ರೆ ಅಂತಾವ್ರೆ. ಅದ್ರಾಗೆ ನಿನ್ ರಾಜಕೀಯ ಎಷ್ಟು, ಮಕ್ಕಳಾಟ ಎಷ್ಟು, ನೀನೇ ಏಳ್ಬುಡು ಅಲ್ಲಿ."

ಹೆದರಿಸುವ ದನಿ ಇರಲಿಲ್ಲ. ದಣಿದಿದ್ದ. ಅದು ನನಗೆ ಇನ್ನೂ ಕಷ್ಟವಾಯಿತು ಎಂದು ಬರೆಯಬಹುದು, ಆದರೆ ನಿಜ ಅದಲ್ಲ. ಅವನು ದಣಿದಿದ್ದುದರಿಂದ ಅವನ ಪರವಾಗಿ ಮಾತಾಡುವುದು ನನಗೆ ಸುಲಭವಾಯಿತು.

ಸಭೆಗೆ ಮೂವತ್ತು ಜನ ಬಂದಿದ್ದರು. ಆಕೆ ಜಗಲಿಯ ಕೆಳಗೆ ನಿಂತಿದ್ದಳು. ಮೊದಲು ಒಬ್ಬ ಹಿರಿಯರು ನನ್ನನ್ನು ಕೇಳಿದರು: "ಮೇಷ್ಟ್ರೇ, ಆ ಆರೋ ಮನುಸನ್ ಬಾಯಲ್ಲಿ ಆ ಮಾತು ಯಾಕ್ ಆಡಿಸುದ್ರಿ? ನಮ್ಮೂರಿಗೇ ಏಳಿದ್ದಾ?"

ತಿಂಗಳ ಹಿಂದೆ ಹಾಸನದ ಕೋಣೆಯಲ್ಲಿ ಒಂದು ಗಂಟೆ ವಾದ ಮಾಡಿದ್ದ ನಾನು ಇಲ್ಲಿ ಹೇಳಿದ್ದು ಇಷ್ಟು: "ಅದು ಮಕ್ಕಳ ಕಥೆ. ರಾಜಕೀಯ ಏನಿಲ್ಲ. ವೀರ ಅಂದ ಮೇಲೆ ಯಾರಿಗಾದರೂ ಸಹಾಯ ಮಾಡಬೇಕಲ್ಲ, ಅದಕ್ಕೊಂದು ಸನ್ನಿವೇಶ ಬೇಕಿತ್ತು. ಯಾವ ಊರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

"ಅಂಗಾದ್ರೆ ಸರಿ ಬುಡಿ" ಎಂದರು. ಎಲ್ಲರಿಗೂ ಸಮಾಧಾನವಾದಂತೆ ಕಂಡಿತು. ಯಾರೋ, "ಇನ್ನೊಂದ್ಸಲ ಬಂದಾಗ ಆವಯ್ಯುಂಗೆ ಏಳಿ, ನಮ್ ಕರೆಂಟ್ ಕಂಬ ನೆಟ್ಟುಗ್ ಮಾಡ್ಬುಟ್ ಓಗ್ಲಿ" ಎಂದರು. ನಗು ಎದ್ದಿತು. ನಾನೂ ನಕ್ಕೆ.

ಆಮೇಲೆ ಹಾಲಿನ ವಿಷಯ. ಕಾರ್ಯದರ್ಶಿ ಐದು ದಿನದ ಡಿಗ್ರಿ ಓದಿದ. ಆಕೆ ಕೆಳಗಿನಿಂದಲೇ ಹೇಳಿದಳು, ದನಿ ಎತ್ತರಿಸದೆ:

"ಕಡ್ಡಿ ಬುಡ್ದೇ ಏಳ್ತಾವ್ನೆ. ಇವತ್ತು ಮೇಷ್ಟ್ರು ಅಲ್ಲೇ ನಿಂತಿದ್ರು. ಅವ್ರು ಸುಳ್ ಏಳಕಿಲ್ಲ. ಅವ್ರುನ್ನೇ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣ ನೋಡಲಿಲ್ಲ, ಕೈಯಲ್ಲಿದ್ದ ಎಲೆಯ ತೊಟ್ಟು ಮುರಿಯುತ್ತಿದ್ದ.

"ನಾನು ನಿಂತಿದ್ದ ಕಡೆಯಿಂದ ಸರಿಯಾಗಿ ಕಾಣಲಿಲ್ಲ" ಎಂದೆ.

ನನ್ನ ಪಾಠದ ಮಕ್ಕಳು ಸುಳ್ಳು ಹೇಳುವಾಗ ಕಣ್ಣು ತಪ್ಪಿಸುತ್ತಾರೆ. ನಾನು ತಪ್ಪಿಸಲಿಲ್ಲ. ಆಕೆಯನ್ನು ನೋಡಿಕೊಂಡೇ ಹೇಳಿದೆ. ಆಕೆಯ ಮುಖದಲ್ಲಿ ಸಿಟ್ಟು ಬರಲಿಲ್ಲ, ಒಂದು ಲೆಕ್ಕ ತಪ್ಪಿದವರ ಮುಖ ಹೇಗಿರುತ್ತದೋ ಹಾಗಿತ್ತು.

ಆಕೆಯ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಸಭೆಯ ನಡಾವಳಿ ಬರೆಯುವ ಪುಸ್ತಕ ತಂದರು. ಕಾರ್ಯದರ್ಶಿ ಪೆನ್ನು ತೆಗೆದು, ಆಮೇಲೆ ನನ್ನ ಕಡೆ ಚಾಚಿದ. "ಕನ್ನಡ ಮೇಷ್ಟ್ರು ಇಲ್ಲೇ ಅವ್ರಲ್ಲ, ನಂದು ಕೋಳಿ ಕಾಲು" ಎಂದ. ನಾನು ಪೆನ್ನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಊರಿನಲ್ಲಿ ನನಗೆ ಯಾವಾಗಲೂ ಅದೇ ಕೆಲಸ ಕೊಡುತ್ತಾರೆ, ಮದುವೆಯ ಲಗ್ನಪತ್ರಿಕೆಯಿಂದ ಹಿಡಿದು ತಾಲ್ಲೂಕು ಕಚೇರಿಯ ಅರ್ಜಿಯವರೆಗೆ. ಅಭ್ಯಾಸದಿಂದ ಕೈ ಮುಂದೆ ಹೋಯಿತು. ಬೇರೆ ಕಾರಣ ಸಿಕ್ಕಿಲ್ಲ.

ಅವನು ಹೇಳಿದ: "ಆಲಿಗೆ ನೀರು ಬೆರೆಸಿ ಸಂಗಕ್ಕೆ ಮೋಸ ಮಾಡಿರೋದ್ರಿಂದ, ಅಂತ ಬರೀರಿ."

ನನಗೆ ಅದು ಒರಟೆನಿಸಿತು. ಆಕೆಗೆ ಕಳ್ಳಿ ಎಂಬ ಹೆಸರು ಬಾರದಿರಲಿ ಎಂದು ಮೆತ್ತಗೆ ಮಾಡಿ ಬರೆದೆ: ಸದರಿ ಸದಸ್ಯರು ಸರಬರಾಜು ಮಾಡಿದ ಹಾಲಿನ ಗುಣಮಟ್ಟವು ಕೆಲವು ದಿನಗಳಿಂದ ತೃಪ್ತಿಕರವಾಗಿ ಕಂಡುಬಾರದ ಕಾರಣ, ಮುಂದಿನ ಸಾಮಾನ್ಯ ಸಭೆಯವರೆಗೆ ಅವರಿಂದ ಹಾಲು ಪಡೆಯುವುದನ್ನು ನಿಲ್ಲಿಸಲು ತೀರ್ಮಾನಿಸಲಾಯಿತು. ಬರೆದು ಓದಿದೆ. ಚೆನ್ನಾಗಿದೆ ಎಂದರು. ಆಕೆಗೆ ಒಂದು ಉಪಕಾರ ಮಾಡಿದೆ ಎಂಬ ಭಾವನೆ ಆಗ ನನ್ನಲ್ಲಿತ್ತು.

"ನೀರು ಅಂತ ಬರ್ದಿಲ್ವಾ ಸಾ?" ಎಂದು ಆಕೆ ಕೇಳಿದಳು.

"ಇಲ್ಲ. ಹಾಗೆ ಬರೆದಿಲ್ಲ."

"ಬರ್ದಿದ್ರೆ ಚೆನ್ನಾಗಿತ್ತು. ನೀರ್ ಬೆರೆಸಿಲ್ಲ, ಬೇಕಾದ್ರೆ ನಿಮ್ ಮುಂದ್ಗಡೆನೇ ಕರೀತೀನಿ, ಮಿಸನ್ನಿಗ್ ಆಕಿ ನೋಡಿ ಅಂತ ಆಸನದ್ ಆಪೀಸ್ಗಂಟ ಓಗಿ ಕೇಳ್ಬೋದಿತ್ತು. ಇದ್ಕೆ ಏನಂತ ಕೇಳ್ಲಿ?"

ಆಕೆ ಹೇಳಿದ್ದು ಸರಿಯಾಗಿತ್ತು. ಹಾಲಿನಲ್ಲಿ ನೀರಿದೆ ಎಂಬುದನ್ನು ಪರೀಕ್ಷೆ ಮಾಡಿ ಸುಳ್ಳೆಂದು ತೋರಿಸಬಹುದು. ತೃಪ್ತಿಕರವಾಗಿಲ್ಲ ಎಂಬುದನ್ನು ಯಾವ ಯಂತ್ರದಲ್ಲಿ ಪರೀಕ್ಷೆ ಮಾಡುವುದು? ಕಾರ್ಯದರ್ಶಿಯ ಒರಟು ಮಾತಿನಲ್ಲಿ ಆಕೆಗೊಂದು ದಾರಿ ಇತ್ತು. ನನ್ನ ಒಳ್ಳೆಯ ಕನ್ನಡದಲ್ಲಿ ಇರಲಿಲ್ಲ. ತಿದ್ದಬಹುದಿತ್ತು, ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಅಣ್ಣ ಪುಸ್ತಕ ಎಳೆದುಕೊಂಡು ಸಹಿ ಹಾಕಿದ.

ಆ ವಾರ ಚಾನೆಲ್ ಮಾಲೀಕರು ಫೋನ್ ಮಾಡಿದರು. "ನಿಮ್ಮೂರಲ್ಲಿ ಗಲಾಟೆಯಂತೆ. ನಾನು ಮೊದಲೇ ಹೇಳ್ಲಿಲ್ವಾ?" ಎಂದರು. ಹೌದು ಎಂದೆ. ಹದಿನಾಲ್ಕನೆಯ ಕಂತಿನಲ್ಲಿ ವೀರ ಹೆಲ್ಮೆಟ್ ಹಾಕದವರಿಗೆ ಬುದ್ಧಿ ಹೇಳಿದ. ಹದಿನೈದನೆಯದರಲ್ಲಿ ಕೆರೆಯಿಂದ ಪ್ಲಾಸ್ಟಿಕ್ ಎತ್ತಿದ. ಎಲ್ಲರಿಗೂ ಇಷ್ಟವಾಯಿತು. ಹೆಲ್ಮೆಟ್ ಅಂಗಡಿಯವರು ಜಾಹೀರಾತು ಕೊಟ್ಟರು. ವ್ಯಾಯಾಮ ಶಿಕ್ಷಕರು ಮಾತ್ರ ಒಮ್ಮೆ, ಹೊದಿಕೆ ಬಿಚ್ಚುತ್ತಾ, "ಮೇಷ್ಟ್ರೇ, ಆ ಡೈರಿ ಹೆಂಗಸು ಏನಾದ್ರು?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಆಗ ನನಗೆ ಗೊತ್ತಿರಲಿಲ್ಲ, ವಿಚಾರಿಸಿಯೇ ಇರಲಿಲ್ಲ.

ಇಂಥ ಕಾರ್ಯಕ್ರಮಗಳಲ್ಲಿ ರಾಜಕೀಯ ಇರಬೇಕೇ ಬೇಡವೇ ಎಂದು ನನ್ನನ್ನು ಈಗಲೂ ಕೇಳುತ್ತಾರೆ. ಅರಕಲಗೂಡಿನಲ್ಲಿ ಶಿಕ್ಷಕರ ಒಂದು ಶಿಬಿರದಲ್ಲಿ ಹಾಗೆ ಕೇಳಿದಾಗ, ಇರಬೇಕು ಎಂದೇ ಉತ್ತರ ಕೊಟ್ಟೆ. ಈಗಲೂ ಅದನ್ನೇ ನಂಬಿದ್ದೇನೆ. ಆ ಏಳು ವರ್ಷದ ಹುಡುಗಿಗೆ ಕಥೆ ಅರ್ಥವಾಗಿತ್ತು, ಕಥೆಯಲ್ಲಿ ತಪ್ಪಿರಲಿಲ್ಲ. ಆದರೆ ಶಿಬಿರದಲ್ಲಿ ಹೇಳದೆ ಬಿಟ್ಟದ್ದೂ ಒಂದಿದೆ. ಇಪ್ಪತ್ತನಾಲ್ಕು ನಿಮಿಷದಲ್ಲಿ ಮುಗಿಯುವ ಧೈರ್ಯವನ್ನು ಬರೆಯುವುದು ಬಹಳ ಸುಲಭ. ಅದನ್ನು ಮಾರನೆಯ ದಿನ ಯಾರ ಬಾಗಿಲಿಗೆ ಇಟ್ಟು ಬರುತ್ತೇವೆ ಎಂದು ನಾನು ನೋಡಿರಲಿಲ್ಲ.

ಎರಡು ತಿಂಗಳ ನಂತರ ನಾನು ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದೆ. ಭಾನುವಾರ, ಏಳು ಗಂಟೆ ಐದು ನಿಮಿಷ, ಕಿಟಕಿಯಿಂದ ನಾಲ್ಕು ಅಡಿ, ಕಡ್ಡಿ ಬಕೆಟ್ಟಿನಲ್ಲಿತ್ತು. ಸಭೆಯಲ್ಲಿ ಸುಳ್ಳು ಹೇಳಿದೆ ಎಂಬುದನ್ನೂ ಬರೆದು ಕೆಳಗೆ ಸಹಿ ಹಾಕಿದೆ. ಹಾಸನದ ಹಾಲು ಒಕ್ಕೂಟದ ಮೇಲಧಿಕಾರಿಗಳಿಗೆ ಕೊಡುವುದೆಂದು ಯೋಚನೆ. ಅದಕ್ಕೆ ಮೊದಲು ಆಕೆಗೆ ತೋರಿಸಬೇಕೆನಿಸಿ, ಒಂದು ಭಾನುವಾರ ಕಾಲೋನಿಗೆ ಹೋದೆ. ಐವತ್ತೇಳು ವರ್ಷದಲ್ಲಿ ನಾನು ಆ ಬೀದಿಗೆ ಹೋದದ್ದು ಮೂರನೆಯ ಸಲ. ಉಳಿದೆರಡು ಸಲ ಜನಗಣತಿಗೆ.

ಕೊಟ್ಟಿಗೆ ಖಾಲಿ ಇತ್ತು. ಒಣಗಿದ ಸಗಣಿಯನ್ನು ಗುಡಿಸಿ ಒಂದು ಮೂಲೆಗೆ ಮಾಡಿದ್ದರು. ಆಕೆ ಬಾಗಿಲಲ್ಲೇ ಕೂತಿದ್ದಳು. ಅಂಗೈ, ಉಗುರು ಎಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹಸುವನ್ನು ಚನ್ನರಾಯಪಟ್ಟಣದ ಕಡೆಯವರಿಗೆ ಮಾರಿದ್ದಳು. ಕೆಲವು ದಿನ ಹೆದ್ದಾರಿಯ ಟೀ ಅಂಗಡಿಗೆ ಹಾಲು ಕೊಟ್ಟಳಂತೆ. ಅಲ್ಲಿಗೂ ಸುದ್ದಿ ಹೋಯಿತು. ಈಗ ಬೆಳಿಗ್ಗೆ ಐದೂವರೆಗೆ ಗೂಡ್ಸ್ ಆಟೋದಲ್ಲಿ ಅರಕಲಗೂಡಿನ ಕಡೆ ಶುಂಠಿ ಕೀಳಲು ಹೋಗುತ್ತಾಳೆ. ಮಗಳ ಓದು ನಿಲ್ಲಿಸಿಲ್ಲ ಎಂದಳು. ಆಮೇಲೆ, "ಇನ್ನೂವೆ" ಎಂದು ಸೇರಿಸಿದಳು.

ನಾನು ಕಾಗದ ಓದಿದೆ. ಪೂರ್ತಿ ಕೇಳಿದಳು.

"ಕಂಡಿತ್ತು ಅಂತ್ಲೇ ಬರ್ದಿದೀರ" ಎಂದಳು.

"ಹೌದು."

"ಈಗ ಕೊಟ್ರೆ ಏನಾಯ್ತದೆ ಸಾ?"

"ವಿಚಾರಣೆಗೆ ಬರ್ತಾರೆ. ಕಾರ್ಯದರ್ಶಿ ಮೇಲೆ ಕ್ರಮ ತಗೋಬಹುದು. ನಿಮ್ಮ ಸದಸ್ಯತ್ವ..."

"ಆಲೆಲ್ಲಿ ತರ್ಲಿ ಆಕಕ್ಕೆ?" ಆಕೆ ಕೊಟ್ಟಿಗೆಯ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಬ್ಯಾಡಿ ಸಾ. ಇನ್ನ ನಾಕು ಮನೇರು ಆಕ್ತಾವ್ರೆ ಅಲ್ಲಿ. ಇದ್ನ ಕೊಟ್ರೆ ಅವ್ರುದ್ಕೂ ಡಿಗ್ರಿ ಬರಕಿಲ್ಲ. ಆಸನದೋರು ಒಂದಿನ ಬತ್ತಾರೆ, ಜೀಪ್ ಅತ್ಕಂಡ್ ಓಯ್ತಾರೆ. ನಿಮ್ ಪಿಚ್ಚರ್ನಾಗೆ ಆವಯ್ಯ ಬರ್ನಿಲ್ವ, ಅಂಗೆ. ಆರ್ಕಂಡ್ ಬಂದ, ನನ್ನ ಮುಂದ್ಕೆ ನಿಲ್ಸಿದ, ಆರ್ಕಂಡ್ ಓದ. ಅದ್ಕ್ ಮುಂಚೆ ಕೊನೇಲಿ ನಿಂತಿದ್ರೂವೆ ನನ್ನಾಲ ಅಳೀತಿದ್ರು ಸಾ."

ಆಕೆ ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಹಾಲಿಲ್ಲದ ಟೀ ತಂದಳು. "ಕುಡೀತೀರಾ?" ಎಂದು ಕೇಳಿ, ಕೊಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ನಾನು ಕೈ ಚಾಚಿದ ಮೇಲೆ ಕೊಟ್ಟಳು. ಕುಡಿದೆ. ಅದರಿಂದ ಏನೂ ಬದಲಾಗಲಿಲ್ಲ.

ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೆದ್ದಾರಿಯವರೆಗೆ ಎರಡು ಮೈಲಿ ನಡೆದೆ. ಆಕೆಯೇ ಬೇಡವೆಂದ ಮೇಲೆ ನಾನು ಕೊಡುವುದು ಸರಿಯಲ್ಲ, ಆಕೆಯ ಮಾತಿಗೆ ಬೆಲೆ ಕೊಡಬೇಕು, ಉಳಿದ ನಾಲ್ಕು ಮನೆಯವರ ಹಾಲಿನ ಪ್ರಶ್ನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅವೆಲ್ಲ ನಿಜವೇ. ಆದರೆ ಇದನ್ನು ಸರಿಯಾಗಿ ಬರೆಯುತ್ತೇನೆಂದು ಕೂತಿರುವುದರಿಂದ ಇನ್ನೊಂದನ್ನೂ ಬರೆಯಬೇಕು. "ಬ್ಯಾಡಿ ಸಾ" ಎಂದು ಆಕೆ ಹೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಎದೆಯ ಮೇಲಿಂದ ಭಾರ ಇಳಿದಂತಾಗಿತ್ತು. ಇನ್ನು ಅಣ್ಣನ ಮನೆಗೆ ಹೋಗಿ ಊಟಕ್ಕೆ ಕೂರಬಹುದು ಎಂದು ಅನಿಸಿತ್ತು. ಆ ವಾರ ಹೋಗಿ ಕೂತೆ.